ಇಂಗ್ಲಿಷ್ ಪಾಠದಲ್ಲಿ ಮೊಳೆತ ಕನ್ನಡ ಬರಹ

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕ ವಿಭಾಗ ತೆರೆದದ್ದು 1894ರಲ್ಲಿ. ಕೇಂಬ್ರಿಜ್ 1917ರವರೆಗೆ ಕಾಯಿತು. ಆದರೆ ಭಾರತದಲ್ಲಿ ಇಂಗ್ಲಿಷ್ ಶಿಕ್ಷಣವೇ ಬೇಕೆಂದ ಮೆಕಾಲೆಯ ಟಿಪ್ಪಣಿ 1835ರದು. ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು 1857ರಲ್ಲೇ ಎದ್ದುನಿಂತಿದ್ದವು. ಅಂದರೆ ಇಂಗ್ಲಿಷರು ತಮ್ಮ ಮಕ್ಕಳಿಗಿಂತ ಮೊದಲು ನಮ್ಮವರನ್ನು ಶೇಕ್ಸ್‌ಪಿಯರ್, ಮಿಲ್ಟನ್ನರ ಮುಂದೆ ಕೂರಿಸಿದರು. ಅದು ಆಳ್ವಿಕೆಯ ಉಪಾಯವೂ ಆಗಿತ್ತೆಂದು ಗೌರಿ ವಿಶ್ವನಾಥನ್ 1989ರ ತಮ್ಮ ಪುಸ್ತಕದಲ್ಲಿ ದಾಖಲೆಗಳ ಸಮೇತ ತೋರಿಸಿಕೊಟ್ಟರು. ಅವರ ಮಾತು ಒಪ್ಪತಕ್ಕದ್ದೇ. ಆದರೆ ಮೈಸೂರಿನ ಮಟ್ಟಿಗೆ ಕಥೆ ಬೇರೊಂದು ದಾರಿ ಹಿಡಿಯಿತು. ಇಲ್ಲಿನ ಇಂಗ್ಲಿಷ್ ತರಗತಿಯ ದೊಡ್ಡ ಫಸಲು ಬಂದದ್ದು ಕನ್ನಡಕ್ಕೆ.

ಬಿ.ಎಂ. ಶ್ರೀಕಂಠಯ್ಯನವರು ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರು. ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಧಾರವಾಡದಲ್ಲಿ ಅವರು ಮಾತನಾಡಿದ್ದು 1911ರಲ್ಲಿ. 'ಇಂಗ್ಲಿಷ್ ಗೀತಗಳು' ಪುಸ್ತಕವಾದದ್ದು 1926ರಲ್ಲಿ. ಅದರ ಬಹುಪಾಲು ಕವಿತೆಗಳ ಮೂಲ ಪಾಲ್ಗ್ರೇವ್ ಸಂಪಾದಿಸಿದ 'ಗೋಲ್ಡನ್ ಟ್ರೆಷರಿ'. ಆ ಸಂಕಲನ ಅಂದಿನ ಕಾಲೇಜು ಓದುಗರಿಗೆಲ್ಲ ಪರಿಚಿತ. ಎಲ್ಲರೂ ಪರೀಕ್ಷೆಗೆಂದು ಓದುತ್ತಿದ್ದ ಪದ್ಯಗಳನ್ನೇ ಕನ್ನಡಕ್ಕೆ ತರಹೊರಟಾಗ ಹಳೆಯ ಛಂದಸ್ಸು ಒಗ್ಗಲಿಲ್ಲ. ದ್ವಿತೀಯಾಕ್ಷರ ಪ್ರಾಸದ ಕಟ್ಟು ಸಡಿಲಿಸಬೇಕಾಯಿತು, ಮಾತ್ರಾಗಣಗಳನ್ನು ಹೊಸದಾಗಿ ಜೋಡಿಸಬೇಕಾಯಿತು. ನವೋದಯದ ಭಾವಗೀತೆಗೆ ಲಯ ಸಿಕ್ಕಿದ್ದು ಈ ಕೆಲಸದಲ್ಲಿ. ಮುಂದೆ ಅವರು ಸೋಫೋಕ್ಲಿಸನ 'ಏಜಾಕ್ಸ್' ನಾಟಕವನ್ನು 'ಅಶ್ವತ್ಥಾಮನ್' ಮಾಡಿದರು. ಇಂಗ್ಲಿಷ್ ಪಾಠ ಹೇಳುವವನು ಕನ್ನಡದಲ್ಲಿ ಬರೆಯಬೇಕೆಂಬುದು ಅಲ್ಲಿಂದ ಒಂದು ಮರ್ಯಾದೆಯ ಸಂಗತಿಯಾಯಿತು. ಕುವೆಂಪು ಮೊದಲು ಬರೆದದ್ದೂ ಇಂಗ್ಲಿಷಿನಲ್ಲೇ. ನಿನ್ನ ಭಾಷೆಯಲ್ಲಿ ಬರೆ ಎಂದು ಅವರಿಗೆ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್.

ಇದನ್ನೆಲ್ಲ ಪಠ್ಯಕ್ರಮ ಕೇಳಿರಲಿಲ್ಲ ಎಂಬುದನ್ನು ಗಮನಿಸಬೇಕು. ಪರೀಕ್ಷೆಗೆ ಬೇಕಾಗಿದ್ದದ್ದು ಸಂದರ್ಭಸಹಿತ ವಿವರಣೆ, ಪ್ರಬಂಧರೂಪದ ಉತ್ತರ. ಅವೆರಡಕ್ಕೂ ನೋಟ್ಸು, ಗೈಡು ಸಾಕು. 1930ರಲ್ಲಿ ಇದೇ ಮಹಾರಾಜ ಕಾಲೇಜಿನಿಂದ ಬಿ.ಎ. ಮುಗಿಸಿದ ಆರ್.ಕೆ. ನಾರಾಯಣ್ ತಮ್ಮ 'ದಿ ಇಂಗ್ಲಿಷ್ ಟೀಚರ್' ಕಾದಂಬರಿಯ ನಾಯಕನನ್ನು ಕಾಲೇಜಿನ ಕೆಲಸ ಬಿಡಿಸಿ ಚಿಕ್ಕ ಮಕ್ಕಳ ಶಾಲೆಗೆ ಕಳಿಸುತ್ತಾರೆ. ಆ ಬೇಸರ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ.

ಓದುವ ಕ್ರಮವನ್ನೇ ಬದಲಿಸಿದವರು ಸಿ.ಡಿ. ನರಸಿಂಹಯ್ಯ. ಕೇಂಬ್ರಿಜಿನಲ್ಲಿ ವಿಮರ್ಶಕ ಎಫ್.ಆರ್. ಲೀವಿಸರ ಬಳಿ ಓದಿ ಬಂದ ಅವರು 1952ರಲ್ಲಿ 'ಲಿಟರರಿ ಕ್ರೈಟೀರಿಯನ್' ಪತ್ರಿಕೆ ಆರಂಭಿಸಿದರು. ಕವಿಯ ಜೀವನಚರಿತ್ರೆ ಬದಿಗಿಟ್ಟು ಪದ್ಯದ ಒಂದೊಂದು ಮಾತನ್ನೂ ತೂಗಿ ಓದುವ ಪಾಠ ಮೈಸೂರಿನಲ್ಲಿ ಬೇರೂರಿತು. ರಾಜಾರಾವ್, ನಾರಾಯಣ್ ಅವರಂಥ ನಮ್ಮವರೂ ಗಂಭೀರ ಓದಿನ ವಿಷಯವಾದರು. ನವ್ಯ ವಿಮರ್ಶೆಗೆ ಈ ಓದೇ ಅಡಿಪಾಯವೆಂದು ನಾನು ನಂಬುತ್ತೇನೆ. ಗೋಪಾಲಕೃಷ್ಣ ಅಡಿಗ, ಲಂಕೇಶ್, ಅನಂತಮೂರ್ತಿ, ಶಾಂತಿನಾಥ ದೇಸಾಯಿ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಧಾರವಾಡದ ಕಡೆಯಲ್ಲಿ ವಿ.ಕೃ. ಗೋಕಾಕರು ಅವರಿಗೂ ಮೊದಲೇ ಇಂಗ್ಲಿಷ್ ಪಾಠ, ಕನ್ನಡ ಬರಹ ಎಂಬ ಎರಡು ನೊಗ ಹೊತ್ತಿದ್ದರು.

ಅನಂತಮೂರ್ತಿಯವರ ಪ್ರಸಂಗ ನನಗೆ ಬಹಳ ಮುಖ್ಯವೆನಿಸುತ್ತದೆ. ಅವರು ಪಿಎಚ್.ಡಿ.ಗೆಂದು ಬರ್ಮಿಂಗ್‌ಹ್ಯಾಮಿಗೆ ಹೋದರು. ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿ ಅಲ್ಲಿ ಅಧ್ಯಾಪಕರು. ಅವರೊಡನೆ ಬರ್ಗ್‌ಮನ್ ಚಿತ್ರ 'ದಿ ಸೆವೆಂತ್ ಸೀಲ್' ನೋಡಿಬಂದ ಮೇಲೆ ನಡೆದ ಮಾತಿನಿಂದಲೇ 'ಸಂಸ್ಕಾರ' ಹುಟ್ಟಿತೆಂದು ಅನಂತಮೂರ್ತಿ ಮತ್ತೆಮತ್ತೆ ನೆನೆದಿದ್ದಾರೆ. ಕಾದಂಬರಿ 1965ರಲ್ಲಿ ಬಂತು. ಅದೇ ಬ್ರಾಡ್‌ಬರಿ 1970ರಲ್ಲಿ ಆಂಗಸ್ ವಿಲ್ಸನ್ ಜೊತೆ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಸೃಜನಶೀಲ ಬರವಣಿಗೆಯ ಎಂ.ಎ. ತೆರೆದರು, ಇಯಾನ್ ಮೆಕ್ಯೂವನ್ ಅದರ ಮೊದಲ ವಿದ್ಯಾರ್ಥಿ. ಅಮೆರಿಕದ ಅಯೋವಾದಲ್ಲಂತೂ ಬರವಣಿಗೆಯ ಕಮ್ಮಟ 1936ರಿಂದಲೇ ಇತ್ತು. ಗುರುಶಿಷ್ಯರ ನಡುವಿನ ಅಂಥ ಮಾತುಕತೆಗೆ ಅವರು ವೇಳಾಪಟ್ಟಿಯಲ್ಲಿ ಜಾಗ ಕೊಟ್ಟರು. ನಾವು ಅದನ್ನು ಕಾಫಿ ಹೋಟೆಲಿಗೂ ಸಂಜೆಯ ವಾಕಿಂಗಿಗೂ ಬಿಟ್ಟೆವು. ಅಂಥ ಸಹವಾಸ ದೊರಕಿದವರು ಬರೆದರು. ದೊರಕದವರ ಲೆಕ್ಕ ಇಟ್ಟವರಿಲ್ಲ.

ತೊಂಬತ್ತರ ದಶಕದಲ್ಲಿ ಇಂಗ್ಲಿಷ್ ವಿಭಾಗಗಳು ತಮ್ಮನ್ನು ತಾವೇ ಪ್ರಶ್ನಿಸಿಕೊಂಡವು: ಯಾರ ಸಾಹಿತ್ಯ, ಯಾರಿಗೆ ಪಾಠ? ತೇಜಸ್ವಿನಿ ನಿರಂಜನ 1992ರಲ್ಲಿ ಅನುವಾದವನ್ನೂ ವಸಾಹತುಶಾಹಿಯನ್ನೂ ಒಟ್ಟಿಗಿಟ್ಟು ಪರೀಕ್ಷಿಸಿದರು. ದಲಿತ, ಮಹಿಳಾ ಬರಹ ಪಠ್ಯದೊಳಗೆ ಬಂದವು. ಒಳ್ಳೆಯದೇ ಆಯಿತು. ಆದರೆ ಉತ್ತರಪತ್ರಿಕೆ ಮಾತ್ರ ಹಾಗೇ ಉಳಿಯಿತು. ಫ್ರೆಂಚ್ ಚಿಂತಕ ಡೆರಿಡಾನಿಗೂ ಗೈಡು ಬಂತು.

ಈ ನಡುವೆ ಬಿ.ಎಂ.ಶ್ರೀ. ತೆರೆದ ದಾರಿಯಲ್ಲಿ ಎದುರು ದಿಕ್ಕಿನ ಪಯಣವೂ ಶುರುವಾಗಿತ್ತು. ಮೈಸೂರಿನಲ್ಲಿ ಇಂಗ್ಲಿಷ್ ಓದಿದ ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನೂ 1976ರಲ್ಲಿ 'ಸಂಸ್ಕಾರ'ವನ್ನೂ ಇಂಗ್ಲಿಷಿಗೆ ಕೊಟ್ಟರು. ಇಂಗ್ಲಿಷ್ ಅಧ್ಯಾಪಕಿ ವನಮಾಲಾ ವಿಶ್ವನಾಥ ಇಂಗ್ಲಿಷಿಗೆ ತಂದ ರಾಘವಾಂಕನ ಕಾವ್ಯ 2017ರಲ್ಲಿ ಬಂತು.

ಇಂದು ಹಳ್ಳಿಯ ಸರಕಾರಿ ಕಾಲೇಜಿನಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡ ಹುಡುಗಿಗೆ ಅನೇಕ ವೇಳೆ ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ತರಗತಿಯಲ್ಲಿ ಮೂರನೆಯದು. ಅನುವಾದಕ್ಕೆ ಇದಕ್ಕಿಂತ ಒಳ್ಳೆಯ ಬಂಡವಾಳ ಬೇಕಿಲ್ಲ. ಅವಳ ಆರು ಸೆಮಿಸ್ಟರುಗಳಲ್ಲಿ ಒಂದು ಪತ್ರಿಕೆಯನ್ನಾದರೂ ಪೂರ್ತಿಯಾಗಿ ಬರವಣಿಗೆಗೆ ಮೀಸಲಿಡಬೇಕು: ಅಜ್ಜಿ ಹೇಳಿದ ಕಥೆಯನ್ನು ಇಂಗ್ಲಿಷಿಗೆ ತರಲಿ, ಪಠ್ಯದ ಕವಿತೆಯೊಂದನ್ನು ತನ್ನ ಮಾತಿಗೆ ತರಲಿ, ಮೇಷ್ಟ್ರು ಪಕ್ಕದಲ್ಲಿ ಕೂತು ತಿದ್ದಲಿ. ಅಂಕ ಆ ತಿದ್ದಿದ ಪ್ರತಿಗೆ ಸಿಗಲಿ.