ಡೀಸೆಲ್ ಕಾರು ಪೆಟ್ರೋಲ್ ಕಾರಿನಷ್ಟು ‘ಸ್ಪೋರ್ಟಿ’ ಆಗಬಲ್ಲದೆ? ಟಾರ್ಕ್ ಜಾಸ್ತಿ ಇದ್ದರೆ ವೇಗವೂ ಜಾಸ್ತಿಯೇ?

“ಡೀಸೆಲ್ ಗಾಡಿಯ ಟಾರ್ಕ್ ಮುಂದೆ ಪೆಟ್ರೋಲ್ ಗಾಡಿ ಏನೂ ಅಲ್ಲ” ಅಂತ ಒಂದು ಮೆಸೇಜ್. “ಡೀಸೆಲ್ ಇರೋದು ಲಾರಿ, ಟ್ರ್ಯಾಕ್ಟರ್‌ಗೆ. ಸ್ಪೋರ್ಟಿ ಅಂದ್ರೆ ಪೆಟ್ರೋಲ್ ಮಾತ್ರ” ಅಂತ ಅದರ ಬೆನ್ನಿಗೇ ಇನ್ನೊಂದು. ಕಾರುಗಳ ಬಗ್ಗೆ ಮಾತಾಡುವ ಯಾವುದೇ ವಾಟ್ಸಾಪ್ ಗ್ರೂಪಿನಲ್ಲಿ ಇದ್ದವರಿಗೆ ಈ ಎರಡೂ ಹೊಸದಲ್ಲ.

ಎರಡೂ ಅರ್ಧ ಸತ್ಯ. ಡೀಸೆಲ್ ಕಾರುಗಳು ಜಗತ್ತಿನ ಅತಿ ಕಠಿಣ ರೇಸುಗಳನ್ನೇ ಗೆದ್ದಿವೆ, ಆದ್ದರಿಂದ ಎರಡನೆಯ ಮಾತು ನಿಲ್ಲುವುದಿಲ್ಲ. ಆದರೆ ಕಂಪನಿಯ ಕರಪತ್ರದಲ್ಲಿ ಟಾರ್ಕ್ ಅಂಕಿ ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ ಆ ಕಾರು ಹೆಚ್ಚು ವೇಗದ್ದು ಎಂದುಕೊಳ್ಳುವುದೂ ತಪ್ಪು. ಇದು ಬರೀ ಹರಟೆಯ ವಿಷಯವಲ್ಲ. ಎರಡು ಲೇನಿನ ರಸ್ತೆಯಲ್ಲಿ, ಎದುರಿನಿಂದ ಬಸ್ಸು ಬರುತ್ತಿರುವಾಗ, ಮುಂದಿನ ಲಾರಿಯನ್ನು ಹಿಂದಿಕ್ಕಲು ನಿಮ್ಮ ಕಾರಿಗೆ ಎಷ್ಟು ಸೆಕೆಂಡ್ ಬೇಕು ಎಂಬುದು ಈ ಲೆಕ್ಕದ ಮೇಲೆಯೇ ನಿಂತಿದೆ.

ಡೀಸೆಲ್ ರೇಸ್ ಗೆದ್ದಿದೆಯೇ?

ಗೆದ್ದಿದೆ, ಒಂದೆರಡು ಸಲವಲ್ಲ. 1952ರಲ್ಲೇ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸಿನ ಅರ್ಹತಾ ಸುತ್ತಿನಲ್ಲಿ ಕಮಿನ್ಸ್ ಕಂಪನಿಯ ಟರ್ಬೊ ಡೀಸೆಲ್ ಕಾರು ಮೊದಲ ಜಾಗ ಪಡೆದಿತ್ತು. ಚಾಲಕ ಫ್ರೆಡ್ ಅಗಾಬಾಶಿಯನ್. ರೇಸ್ ದಿನ ಮಾತ್ರ ಟ್ರ್ಯಾಕಿನ ಕಸ ಟರ್ಬೊದ ಗಾಳಿ ಬಾಯಿಗೆ ಕಟ್ಟಿಕೊಂಡು, 71ನೇ ಸುತ್ತಿಗೆ ಕಾರು ನಿಂತುಹೋಯಿತು. 1998ರಲ್ಲಿ ಬಿಎಂಡಬ್ಲ್ಯು 320ಡಿ ಜರ್ಮನಿಯ ನರ್ಬರ್ಗ್‌ರಿಂಗ್ 24 ಗಂಟೆಗಳ ರೇಸನ್ನು ಪೆಟ್ರೋಲ್ ಕಾರುಗಳ ನಡುವೆಯೇ ಗೆದ್ದಿತು.

ಎಲ್ಲರ ಬಾಯಿ ಮುಚ್ಚಿಸಿದ್ದು 2006. ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸಿಗೆ ಆಡಿ ಕಂಪನಿ ಆರ್10 ಟಿಡಿಐ ಎಂಬ ಕಾರು ತಂದಿತು. 12 ಸಿಲಿಂಡರ್, 5.5 ಲೀಟರ್ ಡೀಸೆಲ್ ಎಂಜಿನ್, 650ಕ್ಕೂ ಹೆಚ್ಚು ಕುದುರೆ ಶಕ್ತಿ, 1,100ಕ್ಕೂ ಹೆಚ್ಚು ನ್ಯೂಟನ್ ಮೀಟರ್ ಟಾರ್ಕ್. ಲೆ ಮಾನ್ಸ್ ಗೆದ್ದ ಮೊದಲ ಡೀಸೆಲ್ ಕಾರು ಅದು. ಅಲ್ಲಿಂದ 2014ರವರೆಗೆ, ಅಂದರೆ ಒಂಬತ್ತು ವರ್ಷ ಸತತವಾಗಿ, ಅಲ್ಲಿ ಗೆದ್ದದ್ದೆಲ್ಲ ಡೀಸೆಲ್ಲೇ. 2009ರದ್ದು ಪ್ಯೂಜೊ, ಉಳಿದ ಎಂಟೂ ಆಡಿ. ಕೊನೆಯ ಮೂರು ವರ್ಷ ಡೀಸೆಲ್ ಎಂಜಿನ್ ಜೊತೆ ಹೈಬ್ರಿಡ್ ಮೋಟಾರೂ ಇತ್ತು.

ಈ ಕತೆಯನ್ನು ಫಾರ್ವರ್ಡ್ ಮಾಡುವವರು ಒಂದು ವಿವರ ಬಿಟ್ಟುಬಿಡುತ್ತಾರೆ. ಆಗಿನ ನಿಯಮದಲ್ಲಿ ಟರ್ಬೊ ಡೀಸೆಲ್ ಎಂಜಿನ್ 5.5 ಲೀಟರ್‌ವರೆಗೆ ಇರಬಹುದಿತ್ತು, ಟರ್ಬೊ ಪೆಟ್ರೋಲ್ ಎಂಜಿನ್ ಮಾತ್ರ 4 ಲೀಟರ್ ದಾಟುವಂತಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಡೀಸೆಲ್ ಮೇಲಿನ ಕಟ್ಟುಪಾಡು ಬಿಗಿಯಾಯಿತು, ಇಂಧನ ಟ್ಯಾಂಕನ್ನೂ ಚಿಕ್ಕದು ಮಾಡಿಸಿದರು. ಇನ್ನೊಂದು ವಿಷಯ: 24 ಗಂಟೆಯ ರೇಸಿನಲ್ಲಿ ಕಡಿಮೆ ಇಂಧನ ಕುಡಿಯುವ ಕಾರು ಕಡಿಮೆ ಸಲ ನಿಲ್ಲುತ್ತದೆ. ಮೈಲೇಜೇ ಅಲ್ಲಿ ಒಂದು ಬಗೆಯ ವೇಗ. ಹಾಗಾಗಿ ಲೆ ಮಾನ್ಸ್ ಹೇಳುವುದು “ಡೀಸೆಲ್ಲಿನಿಂದ ರೇಸ್ ಕಾರು ಕಟ್ಟಬಹುದು” ಎಂದಷ್ಟೇ. “ಡೀಸೆಲ್ಲೇ ಪೆಟ್ರೋಲಿಗಿಂತ ವೇಗ” ಎಂದಲ್ಲ.

ಟಾರ್ಕ್ ಬೇರೆ, ಪವರ್ ಬೇರೆ

ಗೇರ್ ಸೈಕಲ್ ನೆನಪಿಸಿಕೊಳ್ಳಿ. ಪೆಡಲನ್ನು ನೀವು ಎಷ್ಟು ಬಲವಾಗಿ ಒತ್ತುತ್ತೀರಿ ಎಂಬುದು ಟಾರ್ಕ್. ನಿಮಿಷಕ್ಕೆ ಎಷ್ಟು ಸಲ ತುಳಿಯುತ್ತೀರಿ ಎಂಬುದು ಆರ್‌ಪಿಎಂ. ದಪ್ಪ ಕಾಲಿನವನು ಬಲವಾಗಿ, ನಿಧಾನವಾಗಿ ತುಳಿಯಬಹುದು. ಸಣಕಲನೊಬ್ಬ ಹಗುರವಾಗಿ, ಬೇಗ ಬೇಗ ತುಳಿಯಬಹುದು. ಇಬ್ಬರೂ ಒಟ್ಟೊಟ್ಟಿಗೇ ಊರು ತಲುಪಬಹುದು. ಏಕೆಂದರೆ ಸೈಕಲನ್ನು ಮುಂದಕ್ಕೆ ಒಯ್ಯುವುದು ಈ ಎರಡರ ಗುಣಲಬ್ಧ, ಅದೇ ಪವರ್. ಸೂತ್ರ ಬೇಕೆಂದವರಿಗೆ: ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್‌ನಲ್ಲಿ ಪವರ್ ಸಿಗುತ್ತದೆ.

ಈಗ ನಮ್ಮ ರಸ್ತೆಯ ಕಾರುಗಳಿಗೆ ಬರೋಣ. 2024ರ ಹ್ಯುಂಡೈ ಕ್ರೆಟಾದಲ್ಲಿ ಒಂದು 1.5 ಲೀಟರ್ ಡೀಸೆಲ್, ಒಂದು 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಇವೆ. ಡೀಸೆಲ್‌ನ ಗರಿಷ್ಠ ಟಾರ್ಕ್ 250 ನ್ಯೂಟನ್ ಮೀಟರ್, ಪೆಟ್ರೋಲಿನದು 253. ಹೆಚ್ಚು ಕಡಿಮೆ ಒಂದೇ. ಆದರೆ ಪವರ್ ನೋಡಿ: ಡೀಸೆಲ್ 116 ಪಿಎಸ್, ಪೆಟ್ರೋಲ್ 160 ಪಿಎಸ್. ಒಂದೇ ಟಾರ್ಕಿಗೆ ಇಷ್ಟು ಅಂತರ ಎಲ್ಲಿಂದ ಬಂತು? ಡೀಸೆಲ್ ಎಂಜಿನ್ ತನ್ನ ಗರಿಷ್ಠ ಪವರ್ ಕೊಡುವುದು 4,000 ಆರ್‌ಪಿಎಂನಲ್ಲಿ, ಪೆಟ್ರೋಲ್ ಕೊಡುವುದು 5,500ರಲ್ಲಿ. ಮೇಲಿನ ಸೂತ್ರ ಹಾಕಿ ನೋಡಿದರೆ ಆ ಹೊತ್ತಿಗೆ ಎರಡರ ಟಾರ್ಕೂ ಸುಮಾರು 204 ನ್ಯೂಟನ್ ಮೀಟರ್! ವ್ಯತ್ಯಾಸವಿರುವುದು ತಿರುಗುವ ವೇಗದಲ್ಲಿ ಮಾತ್ರ. ಪೂರ್ತಿ ಆಕ್ಸಿಲರೇಟರ್ ತುಳಿದಾಗ ಪೆಟ್ರೋಲ್ ಕ್ರೆಟಾ ಮುಂದೆ ಹೋಗುವುದು ಈ ಕಾರಣಕ್ಕೆ.

ದುಬಾರಿ ಕಾರುಗಳಲ್ಲೂ ಕತೆ ಇದೇ. ಬಿಎಂಡಬ್ಲ್ಯು 5 ಸೀರೀಸ್‌ನ ಹಿಂದಿನ ತಲೆಮಾರಿನಲ್ಲಿ ಎಂ550ಡಿ ಎಂಬ ಡೀಸೆಲ್ ಇತ್ತು. ನಾಲ್ಕು ಟರ್ಬೊ, 400 ಪಿಎಸ್, 760 ನ್ಯೂಟನ್ ಮೀಟರ್. ಅದೇ ಕಾರಿನ ಎಂ550ಐ ಪೆಟ್ರೋಲ್ ರೂಪಕ್ಕೆ 462 ಪಿಎಸ್, 650 ನ್ಯೂಟನ್ ಮೀಟರ್. ಎರಡಕ್ಕೂ 8 ಗೇರಿನ ಆಟೊಮ್ಯಾಟಿಕ್, ನಾಲ್ಕೂ ಚಕ್ರಕ್ಕೆ ಚಾಲನೆ. ಟಾರ್ಕ್ ಲೆಕ್ಕದಲ್ಲಿ ಡೀಸೆಲ್ ಗೆಲ್ಲಬೇಕಿತ್ತು. ಕಂಪನಿಯೇ ಕೊಟ್ಟ ಅಂಕಿ ಪ್ರಕಾರ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಡೀಸೆಲ್‌ಗೆ 4.4 ಸೆಕೆಂಡ್, ಪೆಟ್ರೋಲಿಗೆ 4.0. ಸೋತಿತು ನಿಜ. ಆದರೆ 4.4 ಸೆಕೆಂಡಿನ ಕಾರನ್ನು ಟ್ರ್ಯಾಕ್ಟರ್ ಎನ್ನಲು ಧೈರ್ಯ ಬೇಕು.

ಡೀಸೆಲ್ ಎಂಜಿನ್ ಯಾಕೆ ಬೇಗ ತಿರುಗುವುದಿಲ್ಲ?

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯೂ ಇಂಧನವೂ ಮೊದಲೇ ಬೆರೆತಿರುತ್ತವೆ, ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟೊಡನೆ ಉರಿ ಹರಡುತ್ತದೆ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಮಾತ್ರ ಬಲವಾಗಿ ಅದುಮಿ ಕಾಯಿಸಿ, ಆ ಬಿಸಿ ಗಾಳಿಗೆ ಡೀಸೆಲ್ಲನ್ನು ಚಿಮ್ಮಿಸುತ್ತಾರೆ. ಚಿಮ್ಮಿದ ಹನಿ ಆವಿಯಾಗಬೇಕು, ಗಾಳಿಯೊಂದಿಗೆ ಬೆರೆಯಬೇಕು, ಆಮೇಲೆ ಉರಿಯಬೇಕು. ಈ ಕೆಲಸಕ್ಕೆ ಸಮಯ ಬೇಕು. ಎಂಜಿನ್ ಜೋರಾಗಿ ತಿರುಗಿದಷ್ಟೂ ಆ ಸಮಯ ಕಡಿಮೆಯಾಗುತ್ತದೆ. 4,500-5,000 ಆರ್‌ಪಿಎಂ ಹತ್ತಿರ ಬರುವ ಹೊತ್ತಿಗೆ ಡೀಸೆಲ್ ಎಂಜಿನ್ನಿನ ಉಸಿರು ಕಟ್ಟುತ್ತದೆ. ಸಾಮಾನ್ಯ ಪೆಟ್ರೋಲ್ ಕಾರು 6,000 ದಾಟಿಯೂ ಓಡುತ್ತದೆ.

ಅಷ್ಟು ಒತ್ತಡ ತಡೆಯಲು ಡೀಸೆಲ್ ಎಂಜಿನ್ನಿನ ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್, ಬ್ಲಾಕ್ ಎಲ್ಲವೂ ಗಟ್ಟಿಯಾಗಿ, ಭಾರವಾಗಿ ಇರಬೇಕು. ಭಾರವಾದದ್ದನ್ನು ಬೇಗ ತಿರುಗಿಸುವುದೂ ಕಷ್ಟ. ಆ ಭಾರ ಕಾರಿನ ಮೂತಿಯ ಮೇಲೆ ಕೂರುತ್ತದೆ. ಘಾಟಿಯ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ, ಅದೇ ಮಾಡೆಲ್ಲಿನ ಪೆಟ್ರೋಲ್ ಕಾರು ಚುರುಕಾಗಿ ಒಳಗೆ ತಿರುಗಿದರೆ, ಡೀಸೆಲ್ ಕಾರಿನ ಮೂತಿ ಸ್ವಲ್ಪ ಹೊರಕ್ಕೆ ಜಾರುತ್ತಿದೆ ಅನ್ನಿಸುವುದು ಇದರಿಂದ. ಒಳ್ಳೆಯ ಸಸ್ಪೆನ್ಷನ್ ಇದನ್ನು ಬಹಳ ಮಟ್ಟಿಗೆ ಮುಚ್ಚಿಹಾಕುತ್ತದೆ, ಪೂರ್ತಿ ಅಲ್ಲ. ಶಬ್ದದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಕಿವಿಗೆ ಬಿಟ್ಟ ವಿಚಾರ.

ಹಾಗಾದರೆ ಡೀಸೆಲ್ ಪಿಕಪ್ ಜೋರು ಅನ್ನಿಸುವುದು ಸುಳ್ಳೆ?

ಸುಳ್ಳಲ್ಲ. ಅದಕ್ಕೆ ಎರಡು ಕಾರಣ, ಮೊದಲನೆಯದು ಹೋಲಿಕೆಯಲ್ಲೇ ಇದೆ. ನಮ್ಮಲ್ಲಿ ಬಹಳ ವರ್ಷ ಮಾರಾಟವಾದ ಡೀಸೆಲ್ ಕಾರುಗಳಿಗೆ ಟರ್ಬೊ ಇತ್ತು, ಪೆಟ್ರೋಲ್ ಕಾರುಗಳಿಗೆ ಇರಲಿಲ್ಲ. ಮಾರುತಿ ಸ್ವಿಫ್ಟ್‌ನ 1.3 ಲೀಟರ್ ಡೀಸೆಲ್ 190 ನ್ಯೂಟನ್ ಮೀಟರ್ ಕೊಡುತ್ತಿತ್ತು, ಅದರ ಟರ್ಬೊ ಇಲ್ಲದ 1.2 ಪೆಟ್ರೋಲ್ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಜನ ಹೊಗಳಿದ್ದು ಡೀಸೆಲ್ಲನ್ನು, ಹೊಗಳಿಕೆಯಲ್ಲಿ ಅರ್ಧ ಪಾಲು ಟರ್ಬೊಗೆ ಸಲ್ಲಬೇಕಿತ್ತು. 2013ರಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಎರಡು ರೂಪದಲ್ಲಿ ಬಂದಾಗ ಹೋಲಿಕೆ ಸ್ವಲ್ಪ ನ್ಯಾಯವಾಯಿತು. 1.6 ಟರ್ಬೊ ಡೀಸೆಲ್, 1.2 ಟರ್ಬೊ ಪೆಟ್ರೋಲ್, ಎರಡಕ್ಕೂ ಪವರ್ 105 ಪಿಎಸ್. ಟಾರ್ಕ್ ಮಾತ್ರ 250 ಮತ್ತು 175. ಅಷ್ಟು ಟಾರ್ಕ್ ಹೆಚ್ಚಿದ್ದರೂ ಡೀಸೆಲ್ ಪೋಲೊ ಪೆಟ್ರೋಲ್ ಪೋಲೊವನ್ನು ಬಿಟ್ಟು ಓಡಿಹೋಗುವ ಕಾರಾಗಿರಲಿಲ್ಲ. ಯಾವುದು ಚೆಂದ ಎಂದು ಅಭಿಮಾನಿಗಳು ಇನ್ನೂ ಜಗಳವಾಡುವುದು ಅದಕ್ಕೇ.

ಎರಡನೆಯದು ನಿಜವಾದ ಅನುಕೂಲ. ಡೀಸೆಲ್‌ನ ಪೂರ್ತಿ ಟಾರ್ಕ್ 1,500-2,500 ಆರ್‌ಪಿಎಂ ನಡುವೆ, ಅಂದರೆ ನಾವು ದಿನವೂ ಓಡಿಸುವ ಜಾಗದಲ್ಲೇ ಸಿಗುತ್ತದೆ. ಏಳು ಜನ, ಮೇಲೆ ಲಗೇಜು ಹೇರಿಕೊಂಡು ಇನ್ನೋವಾ ಕ್ರಿಸ್ಟಾ ಶಿರಾಡಿ ಘಾಟಿ ಏರುವಾಗ ಚಾಲಕ ಗೇರ್ ಬದಲಿಸುವುದು ಕಡಿಮೆ ಏಕೆಂದರೆ ಅದರ 343 ನ್ಯೂಟನ್ ಮೀಟರ್ ಕೆಳಗಿನ ಆರ್‌ಪಿಎಂನಲ್ಲೇ ಕೈಗೆಟಕುತ್ತದೆ. ಎಂಜಿನ್ ಕಿರುಚಿಸದೆ ಕಾರು ನುಗ್ಗಿದಾಗ ಬೆನ್ನಿಗೆ ಸೀಟು ತಳ್ಳಿದ ಅನುಭವವಾಗುತ್ತದೆ. ದಿನನಿತ್ಯದ ಓಡಾಟದಲ್ಲಿ ‘ಸ್ಪೋರ್ಟಿ’ ಎಂದರೆ ಬಹಳ ಜನರಿಗೆ ಇದೇ. ನನ್ನ ಲೆಕ್ಕದಲ್ಲಿ ಅದು ತಪ್ಪು ವ್ಯಾಖ್ಯೆಯೂ ಅಲ್ಲ.

ಅಪಾಯ ಇರುವುದು ಈ ಅನುಭವದ ಎರಡು ತುದಿಯಲ್ಲಿ. 1,500ಕ್ಕಿಂತ ಕೆಳಗೆ, ಕೆಲವು ಹಳೆಯ ಎಂಜಿನ್‌ಗಳಲ್ಲಿ 2,000ಕ್ಕಿಂತ ಕೆಳಗೆ, ಟರ್ಬೊ ಇನ್ನೂ ಎಚ್ಚರವಾಗಿರುವುದಿಲ್ಲ. ಟಾಪ್ ಗೇರಿನಲ್ಲಿ ನಿಧಾನವಾಗಿ ಲಾರಿಯ ಹಿಂದೆ ಬರುತ್ತಿದ್ದವರು ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿದರೆ ಒಂದೆರಡು ಸೆಕೆಂಡ್ ಏನೂ ಆಗುವುದಿಲ್ಲ. ಅಷ್ಟರಲ್ಲಿ ಕಾರು ಎದುರಿನ ಲೇನಿನಲ್ಲಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಎಂದರೆ 33 ಮೀಟರ್. ಇನ್ನೊಂದು ತುದಿಯಲ್ಲಿ, 4,000 ದಾಟಿದ ಮೇಲೂ ಅದೇ ಗೇರಿನಲ್ಲಿ ಎಳೆಯುತ್ತಿದ್ದರೆ ಶಬ್ದ ಹೆಚ್ಚುತ್ತದೆ, ವೇಗ ಹೆಚ್ಚುವುದಿಲ್ಲ. ಡೀಸೆಲ್ ಕಾರಿನಲ್ಲಿ ಓವರ್‌ಟೇಕ್ ಮಾಡುವ ಮುಂಚೆಯೇ ಗೇರ್ ಇಳಿಸಿ, ಸೂಜಿಯನ್ನು 2,000ದ ಮೇಲಕ್ಕೆ ತಂದುಕೊಂಡು, ಆಮೇಲೆ ಲೇನ್ ಬದಲಿಸಬೇಕು.

ಚೂರು ಪೆಟ್ರೋಲ್ ಬೆರೆಸಿದರೆ ಡೀಸೆಲ್ ಕಾರಿಗೆ ಪಿಕಪ್ ಬರುತ್ತದೆಯೇ?

ದಯವಿಟ್ಟು ಬೇಡ. ಈ ಮಾತಿಗೆ ಒಂದು ಹಳೆಯ ಮೂಲವಿದೆ. ಯುರೋಪಿನ ಚಳಿಯಲ್ಲಿ ಡೀಸೆಲ್ ಮೇಣದಂತೆ ಗಟ್ಟಿಯಾಗುತ್ತಿದ್ದಾಗ, ಅದನ್ನು ತೆಳುವಾಗಿಸಲು ಸ್ವಲ್ಪ ಪೆಟ್ರೋಲ್ ಅಥವಾ ಸೀಮೆಎಣ್ಣೆ ಬೆರೆಸಬಹುದು ಎಂದು ಕೆಲವು ಹಳೆಯ ಕಾರುಗಳ ಕೈಪಿಡಿಯಲ್ಲಿ ಇತ್ತು. ಅದು ಪಿಕಪ್‌ಗೆ ಅಲ್ಲ, ಇಂದಿನ ಎಂಜಿನ್‌ಗಳಿಗೂ ಅಲ್ಲ. ಈಗಿನ ಕಾಮನ್ ರೈಲ್ ಪಂಪುಗಳು ಡೀಸೆಲ್ಲನ್ನು 1,600-2,000 ಬಾರ್ ಒತ್ತಡದಲ್ಲಿ ಚಿಮ್ಮಿಸುತ್ತವೆ. ನಿಮ್ಮ ಟೈರಿನಲ್ಲಿರುವುದು ಸುಮಾರು 2 ಬಾರ್. ಅಂಥ ಪಂಪಿನ ಲೋಹ ಸವೆಯದಂತೆ ಜಿಡ್ಡು ಕೊಡುವುದು ಡೀಸೆಲ್ಲೇ. ಪೆಟ್ರೋಲಿಗೆ ಆ ಜಿಡ್ಡು ಇಲ್ಲ. ಪಂಪು ಸವೆದು, ಲೋಹದ ಪುಡಿ ಇಂಜೆಕ್ಟರ್‌ಗೆ ಹೋಗಿ ಸೇರಿದರೆ ರಿಪೇರಿ ಬಿಲ್ಲು ಮನೆ ಬಜೆಟ್ಟನ್ನೇ ಕದಡುತ್ತದೆ. ಮೇಲಾಗಿ ಪೆಟ್ರೋಲ್ ಒತ್ತಡಕ್ಕೆ ಸುಲಭವಾಗಿ ಹೊತ್ತಿಕೊಳ್ಳದಂತೆ ತಯಾರಾದ ಇಂಧನ, ಡೀಸೆಲ್ ಎಂಜಿನ್ನಿಗೆ ಬೇಕಿರುವುದು ಅದರ ತದ್ವಿರುದ್ಧ. (ಡೀಸೆಲ್ ಪಂಪುಗಳಿಗೂ ಬೆಂಗಳೂರಿಗೂ ಹಳೆಯ ನಂಟು. 1951ರಲ್ಲಿ ಶುರುವಾದ ಮೈಕೋ, ಅಂದರೆ ಇಂದಿನ ಬಾಷ್, ಆಡುಗೋಡಿಯಲ್ಲಿ ಇವನ್ನೇ ತಯಾರಿಸಿ ಹೆಸರಾಯಿತು.)

ಬಂಕಿನಲ್ಲಿ ತಪ್ಪಿ ಪೆಟ್ರೋಲ್ ಹಾಕಿಬಿಟ್ಟರೆ ಕೀ ತಿರುಗಿಸಬೇಡಿ, ಸ್ಟಾರ್ಟ್ ಮಾಡಬೇಡಿ. ಗಾಡಿಯನ್ನು ತಳ್ಳಿ ಬದಿಗೆ ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿಸಿ. ಸ್ಟಾರ್ಟ್ ಮಾಡದಿದ್ದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ.

ರೀಮ್ಯಾಪ್ ಮಾಡಿಸಿದರೆ?

ಡೀಸೆಲ್ ಕಾರಿನ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ತುಂಬಿ ಟರ್ಬೊ ಒತ್ತಡ, ಇಂಧನದ ಪ್ರಮಾಣ ಹೆಚ್ಚಿಸಿದರೆ ಪವರ್ ಏರುವುದು ನಿಜ. ಈ ವಿಷಯದಲ್ಲಿ ಫಾರ್ವರ್ಡುಗಳು ಸುಳ್ಳು ಹೇಳುವುದಿಲ್ಲ, ಅರ್ಧ ಹೇಳಿ ಬಿಡುತ್ತವೆ. ವಾರಂಟಿ ಹೋಗುತ್ತದೆ. ಕ್ಲಚ್ಚು, ಗೇರ್‌ಬಾಕ್ಸು ಹಳೆಯ ಟಾರ್ಕಿಗೆ ತಯಾರಾದವು, ಅವು ಮೊದಲು ಸೋಲುತ್ತವೆ. ವಿಮೆ ಕಂಪನಿಗೆ ತಿಳಿಸದೆ ಮಾಡಿಸಿದ್ದರೆ ಅಪಘಾತದ ದಿನ ಕ್ಲೇಮ್ ತಕರಾರಾಗಬಹುದು. ಕಂಪನಿ ಕೊಟ್ಟ ವಿನ್ಯಾಸವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ನಿರ್ಬಂಧಿಸುತ್ತದೆ. ರೀಮ್ಯಾಪ್ ಜೊತೆಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರನ್ನೂ ಕಿತ್ತುಹಾಕುವ ಅಂಗಡಿಗಳಿವೆ. ಆ ಮಸಿ ಹೋಗುವುದು ಹಿಂದೆ ಬರುವ ಸ್ಕೂಟರ್ ಸವಾರರ ಶ್ವಾಸಕೋಶಕ್ಕೆ.

ಕಾರು ಕೊಳ್ಳುವ ಯೋಚನೆ ಇದ್ದರೆ ಕರಪತ್ರದ ಟಾರ್ಕ್ ಅಂಕಿ ಪಕ್ಕಕ್ಕಿಡಿ. ಪವರನ್ನು ಕಾರಿನ ತೂಕದಿಂದ ಭಾಗಿಸಿ ನೋಡಿ, ವೇಗದ ಅಂದಾಜು ಅದರಲ್ಲಿ ಹೆಚ್ಚು ಸರಿಯಾಗಿ ಸಿಗುತ್ತದೆ. ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗದೆ ಮನೆಯವರನ್ನೂ ಕೂರಿಸಿಕೊಂಡು, ಎಸಿ ಹಾಕಿ, ಖಾಲಿ ನೇರ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಏರಿಸಿ. ಸಮಯವನ್ನು ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಅಳೆಯಲಿ. ಡೀಸೆಲ್, ಪೆಟ್ರೋಲ್ ಎರಡರಲ್ಲೂ ಹೀಗೆ ಅಳೆದು, ನಾಲ್ಕನೇ ಗೇರಿನಲ್ಲೂ ಒಮ್ಮೆ ಮಾಡಿ.