ಪತ್ತನಾಜೆಗೆ ಮೊದಲೇ ಬಂದ ಮಳೆ

ಮೇ ನಡುವಿನಲ್ಲಿ ಬೋಳಾರದ ಬಯಲೊಂದರಲ್ಲಿ ಆಟ ಇದೆ, ಅತಿಥಿಯಾಗಿ ಇಂಥ ದೊಡ್ಡ ಕಲಾವಿದರು ಬರುತ್ತಾರೆ ಅಂತ ಊರಿಗೆಲ್ಲ ಸಾರಿದ್ದು ನಾವೇ. ನಮ್ಮ ಮಾತು ನಂಬಿ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದವರಿದ್ದರು. ಪೂರ್ವರಂಗ ಮುಗಿಯುವಾಗ ಗುಡುಗಿತು. ಒಂಬತ್ತೂವರೆಗೆ ಮಳೆ. ಕುರ್ಚಿಗಳನ್ನು ತಲೆ ಮೇಲೆ ಹೊತ್ತು ಅಂಗಡಿ ಜಗಲಿಗಳಿಗೆ ಓಡಿದೆವು. ಮಳೆ ನಿಂತ ಮೇಲೆ ಅತಿಥಿಗಳು ಬಂದರು. ಅದೇ ರಾತ್ರಿ ಇನ್ನೊಂದು ಕಡೆ ವೇಷ ಮುಗಿಸಿ ಬಂದಿದ್ದರಂತೆ. ಒದ್ದೆ ಹಲಗೆ ಮೇಲೆ ಕುಣಿತ ಇಲ್ಲ, ನಾಲ್ಕು ಪದ್ಯಕ್ಕೆ ನಾಲ್ಕು ಮಾತು, ಇಪ್ಪತ್ತು ನಿಮಿಷ. ಅಷ್ಟೇ.

ಬಸ್ಸಿನಲ್ಲಿ ಬಂದವರ ಮುಖ ನೋಡಲು ನಮಗೆ ನಾಚಿಕೆಯಾಯಿತು. ಆಮೇಲೆ ಅನ್ನಿಸಿದ್ದು: ಆಟದಲ್ಲಿ ಹೀಗೆ ನಿರಾಶೆಯಾಗುವುದು ಯಾವಾಗಿನಿಂದ ಶುರುವಾಯಿತು?

ಮಳೆಯ ಲೆಕ್ಕವನ್ನು ಹಿರಿಯರು ಮೊದಲೇ ಹಾಕಿಟ್ಟಿದ್ದರು. ದೀಪಾವಳಿಯ ಆಸುಪಾಸಿನಲ್ಲಿ ಗೆಜ್ಜೆ ಕಟ್ಟಿದ ಮೇಳ ತುಳುವಿನ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಹೊತ್ತಿಗೆ ಬರುವ ಪತ್ತನಾಜೆಯಂದು ಬಿಚ್ಚುತ್ತದೆ. ಕೋಲ, ಜಾತ್ರೆಗಳಿಗೂ ಅದೇ ಗಡಿ. ಹಿಂದೆ ಕಲಾವಿದರಲ್ಲೂ ಬೇಸಾಯದವರು ಬಹಳ, ಏಣೆಲು ಬೆಳೆಗೆ ಗದ್ದೆ ಕರೆಯುತ್ತಿತ್ತು. ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆಯಲ್ಲಿ ಬಯಲಾಟ ಸಾಧ್ಯವೂ ಇಲ್ಲ. ತೇವಕ್ಕೆ ಮದ್ದಳೆಯ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಇಟ್ಟ ಬಣ್ಣದ ವೇಷದ ಚುಟ್ಟಿ ಒಂದು ಹನಿಗೂ ಹೆದರುತ್ತದೆ. ಹಾಗಾಗಿ ಮಳೆಗಾಲಕ್ಕೆ ವೇಷ, ಕುಣಿತ ಎರಡೂ ಇಲ್ಲದ ತಾಳಮದ್ದಳೆ. ಮನೆಮನೆಗೆ ಹೋಗಿ ಚಾವಡಿಯಲ್ಲೇ ಸಣ್ಣ ಪ್ರಸಂಗ ಆಡಿ ಬರುವ ಚಿಕ್ಕಮೇಳ.

ತಮಾಷೆ ಎಂದರೆ ಇದು ಹೆಂಚಿನ ಊರು. 1865ರಲ್ಲಿ ಬಾಸೆಲ್ ಮಿಷನ್ ಪಕ್ಕದ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಬೋಳಾರ, ಹೊಯಿಗೆಬಜಾರಿನ ನದಿದಂಡೆಯಲ್ಲೂ ಚಿಮಣಿಗಳೆದ್ದವು. ನೇತ್ರಾವತಿಯಲ್ಲಿ ದೋಣಿಯೇರಿ ಬಂದ ಆವೆಮಣ್ಣು ಹೆಂಚಾಗಿ ದೂರದೂರದ ಮಾಡುಗಳಿಗೆ ಹೋಯಿತು. ಇಲ್ಲಿನ ಆಟ ಮಾತ್ರ ಆಕಾಶದ ಕೆಳಗೇ ಉಳಿಯಿತು.

ಮಾಡು ಬಂದದ್ದು ಬಟ್ಟೆಯ ರೂಪದಲ್ಲಿ. ಕಳೆದ ಶತಮಾನದ ನಡುವಿನ ದಶಕಗಳಲ್ಲಿ ಡೇರೆ ಮೇಳಗಳು ಜೋರಾದವು. ಕಲ್ಲಾಡಿ ವಿಠಲ ಶೆಟ್ಟರ ಕರ್ನಾಟಕ ಮೇಳದಲ್ಲಿ ಅಳಿಕೆ ರಾಮಯ್ಯ ರೈ, ರಾಮದಾಸ ಸಾಮಗ, ಮಿಜಾರು ಅಣ್ಣಪ್ಪ, ಜೊತೆಗೆ ಈ ಊರಿನ ಹೆಸರನ್ನೇ ಹೊತ್ತ ಬೋಳಾರ ನಾರಾಯಣ ಶೆಟ್ಟಿ. ಶೆಟ್ಟರ ಮಾತಿನ ಚುರುಕು ಕೇಳಲೆಂದೇ ಟಿಕೆಟ್ ಕೊಳ್ಳುವವರಿದ್ದರು. ಡೇರೆಯ ಜೊತೆ ಟಿಕೆಟ್ ಬಂತು, ಮುಂದಿನ ಕುರ್ಚಿ ಹಿಂದಿನ ನೆಲ ಬಂತು, ಕರಪತ್ರದಲ್ಲಿ ದಪ್ಪ ಅಕ್ಷರದ ಹೆಸರು ಬಂತು. ಹರಕೆಯ ಬಯಲಾಟದಲ್ಲಿ ದೇವಿಗೆ ಹೇಳಿಕೊಂಡದ್ದು ತೀರಿದರೆ ಆಯಿತು. ಯಾವ ವೇಷ ಯಾರದ್ದು ಎನ್ನುವುದು ಆಮೇಲಿನ ಮಾತು. ದುಡ್ಡು ಕೊಟ್ಟು, ಹೆಸರು ನೋಡಿ ಬಂದವನಿಗೆ ಮಾತ್ರ ‘ಮೋಸ ಆಯಿತು’ ಎನ್ನುವ ಹಕ್ಕು ಹುಟ್ಟುವುದು. ಅದು ತಪ್ಪು ಅಂತ ನಾವು ಹೇಳುವುದಿಲ್ಲ. ಆ ಹಕ್ಕೇ ಕಲಾವಿದರ ಸಂಬಳವನ್ನೂ ಏರಿಸಿತು.

ಡೇರೆ ಮೇಳಗಳು ಒಂದೊಂದಾಗಿ ಮಡಚಿಕೊಂಡವು. ಡೇರೆ ಹೋಯಿತು, ದಪ್ಪ ಅಕ್ಷರ ಉಳಿಯಿತು. ಈಗ ಮಳೆಗೆ ಅಡ್ಡವಿಲ್ಲದ ಬಯಲಿನಲ್ಲಿ ಡೇರೆಯ ಕಾಲದ ನಿರೀಕ್ಷೆ ಇಟ್ಟುಕೊಂಡು ಕೂರುತ್ತೇವೆ. ಇದು ನಮ್ಮ ಅಂದಾಜು, ಒಪ್ಪದವರು ಇರಬಹುದು.

ಆ ರಾತ್ರಿ ಅತಿಥಿಗಳ ಕಾರು ಹೋದ ಮೇಲೂ ಆಟ ನಿಲ್ಲಲಿಲ್ಲ. ಮಹಿಷಾಸುರ ಜಾರುವ ನೆಲದಲ್ಲೇ ಸಭೆಯ ನಡುವಿನಿಂದ ಅಬ್ಬರಿಸಿಕೊಂಡು ಬಂದ. ಹಿಂಬದಿಯ ದೊಂದಿ ಎರಡು ಸಲ ಆರಿತು, ಎರಡು ಸಲ ಹಚ್ಚಿದರು. ಉಳಿದಿದ್ದ ನೂರು ಜನ ಎದ್ದು ನಿಂತರು. ಊರಿನಿಂದ ಬಂದ ಅಜ್ಜಿಯೊಬ್ಬರು ಸೆರಗು ಹಿಂಡುತ್ತ, ‘ಮಹಿಷ ಯಾರು ಮಗ?’ ಅಂದರು. ನಮಗೆ ಗೊತ್ತಿರಲಿಲ್ಲ. ಸಾರುವಾಗ ಒಂದೇ ಹೆಸರು ಸಾರಿದ್ದೆವು.

ಚೌಕಿಗೆ ಹೋದೆವು. ಅವರು ತೆಂಗಿನೆಣ್ಣೆ ಹಚ್ಚಿ ಚುಟ್ಟಿ ಬಿಡಿಸುತ್ತಿದ್ದರು. ಹೆಸರು ಕೇಳಿ ಬರೆದುಕೊಂಡೆವು. ನಾಳೆಯ ಆಟದ ಊರು ಹೇಳಿ, ಅಲ್ಲೂ ಮಳೆ ಇದೆಯಾ ಅಂತ ನಮ್ಮನ್ನೇ ಕೇಳಿದರು.