ಸೀಳುವ ಕ್ಲೀವ್, ಅಂಟುವ ಕ್ಲೀವ್

ಇಂಗ್ಲಿಷಿನ 'ಕ್ಲೀವ್' ಎಂದರೆ ಸೀಳು ಎಂದೂ ಆಗುತ್ತದೆ, ಅಂಟಿಕೊ ಎಂದೂ ಆಗುತ್ತದೆ. ಒಂದೇ ಪದ ತನಗೆ ತಾನೇ ವಿರುದ್ಧಾರ್ಥಕವಾದ ಸೋಜಿಗ ಎಂದು ಪದಕುತೂಹಲದ ಬರಹಗಳು ಇದನ್ನು ಮತ್ತೆ ಮತ್ತೆ ಮೆರೆಸುತ್ತಿವೆ. ನಿಘಂಟಿನ ಚೀಟಿಗಳ ನಡುವೆ ತಲೆ ನರೆತ ನನ್ನಂಥವನಿಗೆ ಇದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಇಲ್ಲಿರುವುದು ಒಂದು ಪದವಲ್ಲ, ಎರಡು.

ಹಳೆಯ ಇಂಗ್ಲಿಷಿನಲ್ಲಿ ಸೀಳುವುದಕ್ಕೆ 'ಕ್ಲೆಯೋಫನ್', ಅಂಟುವುದಕ್ಕೆ 'ಕ್ಲಿಫಿಯನ್'. ಮೊದಲನೆಯದು 'ಹೈರೋಗ್ಲಿಫ್'ನಲ್ಲಿರುವ, ಕೆತ್ತುವ ಅರ್ಥದ ಗ್ರೀಕ್ ಧಾತುವಿನ ಬಳಗ. ಎರಡನೆಯದು ಜರ್ಮನಿನ 'ಕ್ಲೇಬೆನ್' ಮತ್ತು ಜೇಡಿಮಣ್ಣೆಂಬ ಅರ್ಥದ 'ಕ್ಲೇ' ಪದಗಳ ನೆಂಟ. ಮಧ್ಯಕಾಲದಲ್ಲಿ ಉಚ್ಚಾರ ಸವೆದು ಎರಡೂ ಒಂದೇ ರೂಪಕ್ಕೆ ಬಂದವು. 1611ರ ಇಂಗ್ಲಿಷ್ ಬೈಬಲಿನಲ್ಲಿ ಅಬ್ರಹಾಮನು ಬಲಿಗಾಗಿ ಕಟ್ಟಿಗೆ ಸೀಳಿದ್ದಕ್ಕೂ ರೂತಳು ಅತ್ತೆಯನ್ನು ಬಿಡದೆ ಅಂಟಿಕೊಂಡದ್ದಕ್ಕೂ 'ಕ್ಲೇವ್' ಎಂಬ ಒಂದೇ ಭೂತಕಾಲದ ರೂಪವಿದೆ. ಸೀಳುವ ಪದದ ಸಂತಾನ ದೊಡ್ಡದು: ಸೀಳುತುಟಿಯ 'ಕ್ಲೆಫ್ಟ್', ಸೀಳುಗೊರಸಿನ 'ಕ್ಲೋವನ್', ಅಭ್ರಕ ಹಾಳೆಹಾಳೆಯಾಗಿ ಬಿಡುವ 'ಕ್ಲೀವೇಜ್'. ಅಂಟುವ ಪದ ಮಾತ್ರ ಒಂಟಿಯಾಗಿ ಉಳಿದು, ಈಗ ಹೆಚ್ಚಾಗಿ ಹಳೆಯ ಗ್ರಂಥಗಳಲ್ಲೇ ಸಿಗುತ್ತದೆ.

ಇಂಥ ಪದಗಳ ಅಧ್ಯಯನದಲ್ಲಿ 1884 ಗಮನಾರ್ಹ ವರ್ಷ. ಮುಂದೆ ಆಕ್ಸ್‌ಫರ್ಡ್ ನಿಘಂಟು ಎನಿಸಿದ ಮಹಾಕೋಶದ ಮೊದಲ ಸಂಚಿಕೆ ಹೊರಬಂದದ್ದು ಆ ವರ್ಷ. ಆದಿಪದಗಳಲ್ಲಿ ವಿರುದ್ಧಾರ್ಥಗಳು ಒಟ್ಟಿಗೇ ಇದ್ದವೆಂದು ಜರ್ಮನ್ ಭಾಷಾವಿದ್ವಾಂಸ ಕಾರ್ಲ್ ಆಬೆಲ್ ಬರೆದದ್ದೂ ಅದೇ ವರ್ಷ. 1910ರಲ್ಲಿ ಫ್ರಾಯ್ಡ್ ಆಬೆಲನನ್ನು ನಂಬಿ, ಕನಸಿನ ತರ್ಕಕ್ಕೆ ಭಾಷೆಯ ಸಾಕ್ಷಿ ಸಿಕ್ಕಿತೆಂದು ಸಂತೋಷಪಟ್ಟ. ಫ್ರಾಯ್ಡ್ ಎತ್ತಿಕೊಂಡ ಉದಾಹರಣೆಗಳಲ್ಲಿ 'ಕ್ಲೇಬೆನ್' ಮತ್ತು ಸೀಳುವ 'ಕ್ಲೀವ್' ಜೋಡಿಯೂ ಇತ್ತು. ಆಬೆಲನ ವ್ಯುತ್ಪತ್ತಿಗಳು ನಿಲ್ಲುವುದಿಲ್ಲವೆಂದು 1956ರಲ್ಲಿ ಫ್ರೆಂಚ್ ಭಾಷಾವಿಜ್ಞಾನಿ ಬೆನ್ವೆನಿಸ್ತ್ ತೋರಿಸಿದ. ಅಲ್ಲಿಗೆ ಚರ್ಚೆ ಮುಗಿಯಬೇಕಿತ್ತು. ಆದರೆ 1960ರ ದಶಕದಲ್ಲಿ ತನಗೆ ತಾನೇ ವಿರುದ್ಧವಾದ ಪದಕ್ಕೆ 'ಕಾಂಟ್ರೊನಿಮ್' ಎಂಬ ಹೆಸರು ಹುಟ್ಟಿತು, ಹೆಸರಿನ ಬೆನ್ನಿಗೆ ಪಟ್ಟಿಗಳು ಬೆಳೆದವು. ಬೆನ್ವೆನಿಸ್ತನನ್ನು ಓದಿದವರು ಕಡಿಮೆ.

ಈ ಪಾಠ ಕಲಿಯಲು ಕನ್ನಡಿಗರು ದೂರ ಹೋಗಬೇಕಿಲ್ಲ. 'ಅರಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು. ಹಳಗನ್ನಡದಲ್ಲಿ ತಿಳಿಯುವುದಕ್ಕೆ ಶಕಟರೇಫ ಎಂಬ ಬೇರೆಯ ರಕಾರವಿತ್ತು: 'ಅಱಿ'. ಱಕಾರ ಅಳಿದ ಮೇಲೆ ಎರಡೂ ಒಂದೇ ಬರಹಕ್ಕೆ ಇಳಿದವು. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಎರಡರ ಚೀಟಿಗಳನ್ನೂ ಒಂದೇ ಕಟ್ಟಿಗೆ ಸೇರಿಸಿಬಿಟ್ಟಿದ್ದೆ. ಹಿರಿಯರೊಬ್ಬರು ಕಟ್ಟು ಬಿಚ್ಚಿಸಿ, ಒಂದೊಂದು ಪ್ರಯೋಗವನ್ನೂ ಹಳೆಯ ಪಾಠದೊಂದಿಗೆ ಹೋಲಿಸಿ ನೋಡಿಸಿದರು. ಒಂದು ವಾರ ಹಿಡಿಯಿತು. ಕನ್ನಡ ನಿಘಂಟಿನ ಕೆಲಸದ ನಿಜವಾದ ಬಲ ಇರುವುದು ಆ ತಾಳ್ಮೆಯಲ್ಲಿ. ಬರೋ ಮತ್ತು ಎಮೆನೋ 1961ರಲ್ಲಿ ದ್ರಾವಿಡ ವ್ಯುತ್ಪತ್ತಿ ಕೋಶ ತಂದ ಮೇಲೆ, ಇಂಥ ಬೇರ್ಪಡಿಕೆಗೆ ಸೋದರಭಾಷೆಗಳ ಆಧಾರವೂ ಒಂದೇ ಕಡೆ ಸಿಕ್ಕಿತು. ತಮಿಳು ಇಂದಿಗೂ ಈ ಎರಡು 'ಅರಿ'ಗಳನ್ನು ಬೇರೆಬೇರೆ ರಕಾರಗಳಲ್ಲಿ ಬರೆಯುತ್ತದೆ.

ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟಿಸಿದ್ದು 1824ರಲ್ಲಿ. ಎರಡು ಶತಮಾನ ಕಳೆದಿದೆ. ನಮ್ಮ ಪದಗಳಿಗೆ ತೋರಿದ ಈ ನಿಗಾ ಶಾಲೆಯ ಮಗು ಕೈಗೆತ್ತಿಕೊಳ್ಳುವ ಇಂಗ್ಲಿಷ್-ಕನ್ನಡ ನಿಘಂಟಿಗೂ ಸಿಗಬೇಕು. ಕ್ಲೀವ್‌ಗೆ ಅಲ್ಲಿ ಎರಡು ನಮೂದು ಬೇಕು, ಒಂದೊಂದರ ಮುಂದೆ ಮೂಲದ ಒಂದು ಸಾಲು ಬೇಕು. ಅಷ್ಟಕ್ಕೆ ಹಿಡಿಯುವ ಜಾಗ ಅರ್ಧ ಅಂಗುಲ.